ಜಂಬೂಸವಾರಿಗೆ ಆರು ದಿನ ಮೊದಲೇ ಮೈಸೂರಿಗೆ ಹೋದೆವು

ನಮ್ಮದು ಧಾರವಾಡ. ಪ್ರತಿ ವಿಜಯದಶಮಿಯ ಮಧ್ಯಾಹ್ನ ಅವ್ವ ಟಿವಿ ಮುಂದೆ ಕೂತರೆ ಏಳುತ್ತಿರಲಿಲ್ಲ. ಚಂದನದಲ್ಲಿ ಜಂಬೂಸವಾರಿ ಪೂರ್ತಿ ಮುಗಿಯಬೇಕು, ಆಮೇಲೇ ಬನ್ನಿ ಕೊಡಲು ಮನೆಮನೆಗೆ ಹೊರಡುವುದು. 2024ರಲ್ಲಿ ಅವಳಿಗೆ ಅರವತ್ತೆಂಟು ತುಂಬಿತು. ಮಂಡಿ ನೋವು ಜಾಸ್ತಿಯಾಗಿತ್ತು. "ಟೀವ್ಯಾಗ ನೋಡಿದ್ದು ಸಾಕವಾ. ಕಾಲು ಗಟ್ಟಿ ಇರೂದ್ರಾಗ ಒಮ್ಮೆ ಕಣ್ಣಾರೆ ನೋಡ್ತೀನಿ" ಅಂದಳು.

ನಾನು ಅದಕ್ಕೂ ಮೊದಲು ಒಮ್ಮೆ ಗೆಳತಿಯರ ಜೊತೆ ದಸರಾಕ್ಕೆ ಹೋಗಿದ್ದೆ, ಅದೂ ಕೊನೆಯ ಒಂದೇ ದಿನಕ್ಕೆ. ಬೆಳಿಗ್ಗೆ ಇಳಿದು, ಮಧ್ಯಾಹ್ನ ಜನರ ಹಿಂದೆ ನಿಂತು, ದೂರದಲ್ಲಿ ಅಂಬಾರಿಯ ತುದಿ ಮಾತ್ರ ನೋಡಿ ರಾತ್ರಿ ರೈಲು ಹತ್ತಿದ್ದೆ. ಅವ್ವನನ್ನು ಹಾಗೆ ಕರೆದುಕೊಂಡು ಹೋಗಬಾರದು ಅಂತ ನಿರ್ಧಾರ ಮಾಡಿದೆ. ಆ ವರ್ಷ ದಸರಾ ಅಕ್ಟೋಬರ್ 3ರಿಂದ 12ರವರೆಗೆ ಇತ್ತು. ನಾವು 6ನೇ ತಾರೀಕು ಭಾನುವಾರ ಬೆಳಿಗ್ಗೆ ಮೈಸೂರು ಸ್ಟೇಷನ್‌ನಲ್ಲಿ ಇಳಿದೆವು. ಜಂಬೂಸವಾರಿಗೆ ಇನ್ನೂ ಆರು ದಿನ ಇತ್ತು. ಈ ಬರಹ ಬರೆಯಲು ಕಾರಣವೇ ಆ ಆರು ದಿನ.

ಮೊದಲು ಕೋಣೆಯ ವಿಷಯ ಹೇಳಿಬಿಡುತ್ತೇನೆ. ಜುಲೈನಲ್ಲೇ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜೊಂದಕ್ಕೆ ಮುಂಗಡ ಕಳಿಸಿದ್ದೆ. ಹೊರಡಲು ಹತ್ತು ದಿನ ಇರುವಾಗ ಫೋನ್ ಬಂತು. ದಸರಾ ರೇಟು ಬೇರೆ, ಎರಡರಷ್ಟು ಕೊಡಿ, ಇಲ್ಲದಿದ್ದರೆ ಕೋಣೆ ಇಲ್ಲ ಅಂದರು. ನನ್ನ ಹತ್ತಿರ ಬರಹದಲ್ಲಿ ಏನೂ ಇರಲಿಲ್ಲ. ಮುಂಗಡ ವಾಪಸ್ ಬರಲು ಒಂದು ತಿಂಗಳು ಹಿಡಿಯಿತು. ನೀವು ಹೋಗುವುದಾದರೆ ತಾರೀಕು, ದಿನದ ಬಾಡಿಗೆ ಎರಡನ್ನೂ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ನಮಗೆ ಕೊನೆಗೆ ಸಿಕ್ಕಿದ್ದು ಅಗ್ರಹಾರದ ಹಳೆಯ ಮನೆಯೊಂದರ ಕೆಳಗಿನ ಕೋಣೆ, ಪರಿಚಯದವರ ಮೂಲಕ. ಮೆಟ್ಟಿಲು ಹತ್ತುವ ಗೋಜಿಲ್ಲ, ಅರಮನೆಗೆ ನಡೆದೇ ಹೋಗಬಹುದು. ದಸರಾ ಹೊತ್ತಿನಲ್ಲಿ ಮೈಸೂರಿನ ನಡುಭಾಗದಲ್ಲಿ ಸಂಜೆಯಾದರೆ ಆಟೋ ಸಿಗುವುದಿಲ್ಲ, ಸಿಕ್ಕರೂ ಮುಂದೆ ಹೋಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಬಾಡಿಗೆಯಾದರೂ ಹತ್ತಿರದಲ್ಲೇ ಇರಿ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಮನೆಯ ಆಂಟಿ ಬಾಗಿಲು ತಟ್ಟಿದರು. "ಆನೆಗಳು ಹೊರಡೋ ಹೊತ್ತಾಯ್ತು, ಬೇಗ ಹೋಗಿ" ಅಂದರು. ನಾವು ಮುಖ ತೊಳೆದು ಹಾಗೇ ಹೊರಟೆವು. ಅರಮನೆಯ ಬಲರಾಮ ದ್ವಾರದಿಂದ ಆನೆಗಳು ಒಂದರ ಹಿಂದೆ ಒಂದು ಹೊರಬಂದವು. ಇದು ತಾಲೀಮು. ಜಂಬೂಸವಾರಿ ಸಾಗುವ ದಾರಿಯಲ್ಲೇ, ಅಂದರೆ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ದಾಟಿ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡಿಗೆ. ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಹಾಲಿನವರು, ಪೇಪರ್ ಹಾಕುವ ಹುಡುಗರು, ಒಂದಿಷ್ಟು ಮಕ್ಕಳು, ನಾವು. ತಳ್ಳಾಟ ಇಲ್ಲ. ಆನೆ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋದಾಗ ಅದರ ಪಾದ ನೆಲಕ್ಕೆ ತಾಗುವ ಮೆತ್ತನೆಯ ಸದ್ದೂ ಕೇಳಿಸುತ್ತದೆ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಕಡಿಮೆ ಸದ್ದು ಮಾಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಕಣ್ಣ ನೋಡಿದ್ಯೇನ? ಎಷ್ಟ ಶಾಂತ ಅದಾವ" ಅಂದಳು ಅವ್ವ. ಟಿವಿಯಲ್ಲಿ ಆನೆಯ ಕಣ್ಣು ಕಾಣುವುದಿಲ್ಲ, ಅಲ್ವಾ?

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ನಮ್ಮ ಕೆಲಸ ಇದೇ ಆಯಿತು. ಟಿಕೆಟ್ ಇಲ್ಲ, ಪಾಸ್ ಇಲ್ಲ, ಸುಮ್ನೆ ರಸ್ತೆ ಬದಿಗೆ ನಿಂತರೆ ಆಯಿತು. ದಸರಾಕ್ಕೆ ಬರುವ ಅರ್ಧಕ್ಕರ್ಧ ಜನ ಇದನ್ನು ನೋಡದೇ ಹೋಗುತ್ತಾರಲ್ಲ ಅಂತ ನನಗೆ ಬಹಳ ಬೇಸರವಾಗುತ್ತದೆ.

ಆ ವರ್ಷ ಕಾಡಿನ ಶಿಬಿರಗಳಿಂದ 14 ಆನೆ ಬಂದಿದ್ದವು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಕಳಿಸುತ್ತಾರೆ, ಅದಕ್ಕೆ ಗಜಪಯಣ ಅಂತ ಹೆಸರು. ಮಾವುತರು, ಅವರಿಗೆ ಸಹಾಯಕರಾದ ಕಾವಾಡಿಗಳು, ಇವರ ಹೆಂಡತಿ ಮಕ್ಕಳು ಎಲ್ಲರೂ ಜೊತೆಗೇ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಮಕ್ಕಳ ಓದು ನಿಲ್ಲಬಾರದು ಅಂತ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಅರಮನೆ ನೋಡಲು ಹೋದ ದಿನ ನಾವು ಆನೆಗಳ ಕಡೆಗೂ ಹೋದೆವು. ಹಗ್ಗದ ಈಚೆ ನಿಂತು ನೋಡಬೇಕು. ಹತ್ತಿರ ಹೋಗುವುದು, ಬಾಳೆಹಣ್ಣು ಚಾಚುವುದು, ಫ್ಲ್ಯಾಶ್ ಹಾಕುವುದು ಏನೂ ಮಾಡಬೇಡಿ. ಅವು ಊರಿಗೆ ಬಂದ ಕಾಡಿನ ಜೀವಗಳು.

ಅಲ್ಲೊಬ್ಬ ವಯಸ್ಸಾದ ಕಾವಾಡಿ ಸೊಪ್ಪು ಕಟ್ಟುತ್ತಾ ಕೂತಿದ್ದರು. ಅವ್ವ ಕೇಳಿದಳು, "ಅಣ್ಣಾರ, ಅರ್ಜುನನ ಕಂಡಿದ್ರೇನ್ರಿ?" 2012ರಿಂದ 2019ರವರೆಗೆ ಅಂಬಾರಿ ಹೊತ್ತವನು ಅರ್ಜುನ. ಅವ್ವನಿಗೆ ಅವನೇ ದಸರಾ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ಅವ್ವ ಆ ರಾತ್ರಿ ಊಟ ಮಾಡಿರಲಿಲ್ಲ. ಕಾವಾಡಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ಕಂಡಿದ್ದೆ ಕಣಮ್ಮ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇನ್ನು ಬೊಂಬೆ. ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕುತ್ತೇವೆ, ಒಂಬತ್ತು ದಿನ ದೀಪ ಕಾಯುತ್ತೇವೆ. ನವಮಿಗೆ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಬೊಂಬೆ ಕೂರಿಸುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಆಂಟಿಯ ಮನೆಯ ನಡುಮನೆಯಲ್ಲಿ ಏಳು ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ ಬೊಂಬೆ ಜೋಡಿಸಿದ್ದರು. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕಂತೆ. ಎಲ್ಲಕ್ಕಿಂತ ಮೇಲೆ ಪಟ್ಟದ ಬೊಂಬೆ, ರಾಜ ರಾಣಿ. ಅವು ಆಂಟಿ ಮದುವೆಯಾಗಿ ಬಂದಾಗ ತವರಿನಿಂದ ಬಂದ ಮರದ ಬೊಂಬೆಗಳು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಹೊಸ ಬಣ್ಣ ಯಾಕೆ ಹಚ್ಚಿಸಿಲ್ಲ ಅಂತ ಕೇಳಿದೆ. "ಅಮ್ಮನ ಕೈ ಮುಟ್ಟಿದ ಬಣ್ಣ, ಹಾಗೇ ಇರಲಿ" ಅಂದರು.

ಸಂಜೆ ಬೀದಿಯ ಮಕ್ಕಳು ಬಾಗಿಲಿಗೆ ಬಂದು "ಬೊಂಬೆ ಕೂರಿಸಿದ್ದೀರಾ?" ಅಂತ ಒಟ್ಟಿಗೆ ಕೂಗುತ್ತಿದ್ದರು. ಮೊದಲು ಆರತಿ, ಹಾಡು, ಆಮೇಲೆ ಚರುಪು. ಒಂದು ದಿನ ಕಡಲೆ ಉಸಲಿ, ಇನ್ನೊಂದು ದಿನ ಕೊಬ್ಬರಿ ಮಿಠಾಯಿ. ಅವ್ವ ಎರಡನೇ ದಿನದಿಂದ ಹಂಚುವ ಕೆಲಸ ತಾನೇ ತೆಗೆದುಕೊಂಡಳು. ಧಾರವಾಡದಿಂದ ತಂದಿದ್ದ ಪೇಡೆಯೂ ಬೊಂಬೆಯ ಮುಂದೆ ಕೂತು ಚರುಪಾಯಿತು. ನೀವು ಲಾಡ್ಜಿನಲ್ಲಿ ಇಳಿದರೂ ಬೊಂಬೆ ತಪ್ಪಿಸಿಕೊಳ್ಳಬೇಡಿ. ನಜರ್‌ಬಾದ್‌ನಲ್ಲಿರುವ ಬೊಂಬೆಮನೆಗೆ ಹೋಗಿ. ಒಂದೇ ಕಡೆ ಎಷ್ಟೋ ಊರಿನ ಬೊಂಬೆಗಳು ಸಿಗುತ್ತವೆ. ನಾವು ಅಲ್ಲಿಂದ ಚನ್ನಪಟ್ಟಣದ ಒಂದು ಜೋಡಿ ತಂದಿದ್ದೇವೆ.

ರಾತ್ರಿಯ ಅರಮನೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳಲೇಬೇಕು. ಸುಮಾರು 97,000 ಬಲ್ಬುಗಳು ಒಂದೇ ಸಲ ಹೊತ್ತಿಕೊಳ್ಳುತ್ತವೆ. ಆ ಕ್ಷಣಕ್ಕೆ ಇಡೀ ಮೈದಾನದಿಂದ "ಹಾ" ಅನ್ನುವ ಒಂದು ಉಸಿರು ಬರುತ್ತದೆ. ಅದನ್ನು ಕೇಳಲು ದೀಪ ಹಚ್ಚುವ ಅರ್ಧ ಗಂಟೆ ಮೊದಲೇ ಒಳಗಿರಬೇಕು. ಅರಮನೆಯ ಮುಂದೆ ವೇದಿಕೆ ಹಾಕಿ ಪ್ರತಿ ಸಂಜೆ ಸಂಗೀತ, ನೃತ್ಯ ಇಟ್ಟಿರುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾವು ಮೂರು ಸಂಜೆ ಅಲ್ಲೇ ಕುರ್ಚಿ ಹಿಡಿದು ಕೂತೆವು. ಒಂದು ಸಂಜೆ ಹಸ್ತ ಮಳೆ ಸುರಿಯಿತು. ನಾವು ಒಂದೇ ಕೊಡೆಯ ಕೆಳಗೆ ಕೂತು ಕೊಳಲು ಕೇಳಿದೆವು. ಒದ್ದೆ ಅಂಗಳದಲ್ಲಿ ದೀಪಗಳೆಲ್ಲ ತಲೆಕೆಳಗಾಗಿ ಕಾಣುತ್ತಿದ್ದವು. ದಸರಾ ದಿನಗಳಲ್ಲಿ ಮಳೆ ಬಂದೇ ಬರುತ್ತದೆ, ಕೊಡೆ ಇರಲಿ. ಗಟ್ಟಿ ಚಪ್ಪಲಿಯೂ ಇರಲಿ.

ಚಾಮುಂಡಿ ಬೆಟ್ಟಕ್ಕೆ ಅವ್ವ 201ನೇ ನಂಬರ್ ಸಿಟಿ ಬಸ್ಸಿನಲ್ಲಿ ಹೋದಳು, ನಾನು ಮೆಟ್ಟಿಲು ಹತ್ತಿದೆ. ಆಧಾರ್ ಕಾರ್ಡ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಸಾವಿರದ ಎಂಟು ಮೆಟ್ಟಿಲು, ನಡುವೆ ಕರಿಕಲ್ಲಿನ ದೊಡ್ಡ ನಂದಿ. ಬೆಳಕು ಹರಿಯುವ ಮೊದಲೇ ಹೊರಟರೆ ಬಿಸಿಲು ತಾಗುವುದಿಲ್ಲ. ವಸ್ತುಪ್ರದರ್ಶನಕ್ಕೆ ಒಂದೇ ಸಂಜೆ ಕೊಟ್ಟೆವು. ಅದು ದಸರಾ ಮುಗಿದ ಮೇಲೂ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದರಿಂದ ಗಡಿಬಿಡಿ ಬೇಡ. ಆದರೆ ಮುಖಕ್ಕಿಂತ ದೊಡ್ಡದಾದ ದೆಹಲಿ ಹಪ್ಪಳಕ್ಕೆ ಖಾರದ ಪುಡಿ ಉದುರಿಸಿ ಕೊಡುತ್ತಾರಲ್ಲ, ಅದನ್ನು ತಿನ್ನದೇ ಬರಬೇಡಿ. ಯುವ ದಸರಾ ಆ ವರ್ಷ ಊರ ಹೊರಗೆ ಉತ್ತನಹಳ್ಳಿ ಹತ್ತಿರ ಇತ್ತು, ನಾವು ಹೋಗಲಿಲ್ಲ. ಎಲ್ಲವನ್ನೂ ನೋಡುತ್ತೇನೆ ಅಂತ ಓಡಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು, ಮಧ್ಯಾಹ್ನ ನಿದ್ದೆ. ನಮ್ಮ ಲೆಕ್ಕ ಇಷ್ಟೇ ಇತ್ತು.

ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆಗೆ ಹೋಗಿ. ಚೆಂಡು ಹೂ, ಸೇವಂತಿಗೆ ಗುಡ್ಡೆಗುಡ್ಡೆ ಬಿದ್ದಿರುತ್ತವೆ. ಬೂದುಗುಂಬಳ ಹೊತ್ತ ಜನ, ಬಾಳೆಕಂದು ಎಳೆಯುವ ಹುಡುಗರು, ಮೊಳ ಹಾಕುವ ಮಲ್ಲಿಗೆಯವರು. ಮಾರನೇ ದಿನ ಆಟೋ, ಬಸ್ಸು, ಹೊಲಿಗೆ ಮೆಷಿನ್, ತಕ್ಕಡಿ ಎಲ್ಲಕ್ಕೂ ಹಾರ ಬಿದ್ದಿತ್ತು. ಆ ದಿನ ಅರಮನೆಯೊಳಗೆ ರಾಜಮನೆತನದವರ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ಇರುವುದಿಲ್ಲ. ಅರಮನೆಯ ಒಳಗನ್ನು ಅದಕ್ಕೂ ಮೊದಲೇ ನೋಡಿ ಮುಗಿಸಿ.

ವಿಜಯದಶಮಿ ಶನಿವಾರ ಬಂತು. ಕೂತು ನೋಡಲು ಕೊಡುವ ವಿಶೇಷ ಪಾಸ್, ಅಂದರೆ ಗೋಲ್ಡ್ ಕಾರ್ಡ್‌ಗೆ ಸಾವಿರಗಟ್ಟಲೆ ದುಡ್ಡು, ನಾವು ತೆಗೆದುಕೊಂಡಿರಲಿಲ್ಲ. ಆಂಟಿಯ ಸಲಹೆಯಂತೆ ಅರಮನೆ ಕಡೆಗೆ ಹೋಗದೆ ದಾರಿಯ ಇನ್ನೊಂದು ತುದಿ ಹಿಡಿದೆವು. ಬಂಬೂ ಬಜಾರ್ ದಾಟಿ, ಬನ್ನಿಮಂಟಪಕ್ಕೆ ಹತ್ತಿರವಾಗುವ ಕಡೆ ಒಂದು ಮರದ ನೆರಳು. ಹನ್ನೊಂದು ಗಂಟೆಗೆ ಚಾಪೆ ಹಾಸಿದೆವು. ಬುತ್ತಿ, ನೀರು, ಮಂಡಿಗೆ ಹಚ್ಚುವ ಎಣ್ಣೆ, ಒಂದು ಪ್ಲಾಸ್ಟಿಕ್ ಸ್ಟೂಲು. ಶೌಚಾಲಯ ಎಲ್ಲಿದೆ ಅಂತ ಹಿಂದಿನ ದಿನವೇ ಬಂದು ನೋಡಿಕೊಂಡಿದ್ದೆ. ಹೆಂಗಸರು, ವಯಸ್ಸಾದವರು ಇದ್ದರೆ ಇದನ್ನು ಮರೆಯಲೇಬಾರದು. ಈ ತುದಿಯಲ್ಲೂ ಜನ ತುಂಬುತ್ತಾರೆ, ಆದರೆ ಕೂರಲು ಜಾಗ ಸಿಗುತ್ತದೆ. ಕಾಯುವುದು ಮಾತ್ರ ಬಹಳ ಹೊತ್ತು.

ಸ್ತಬ್ಧಚಿತ್ರಗಳು, ಕುಣಿತದ ತಂಡಗಳು ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ. ಕಂಸಾಳೆಯವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆದರೂ ಮಕ್ಕಳು ಕೂಗಿದರೆ ಸಾಕು, ನಿಂತು ಇನ್ನೊಂದು ಸುತ್ತು ಹಾಕುತ್ತಿದ್ದರು. ನಮ್ಮ ಕಡೆಯ ದೊಡ್ಡ ಚರ್ಮವಾದ್ಯ ಜಗ್ಗಲಗಿಯ ಸದ್ದು ಕೇಳಿದ್ದೇ ಅವ್ವ ಸ್ಟೂಲಿನಿಂದ ಎದ್ದು ನಿಂತಳು. ಮಂಡಿಯ ನೆನಪೇ ಇರಲಿಲ್ಲ ಅವಳಿಗೆ.

ಕತ್ತಲಾಗುತ್ತಾ ಬಂತು. ರಸ್ತೆಯ ಮೇಲಿನ ದೀಪದ ಕಮಾನುಗಳು ಹೊತ್ತಿಕೊಂಡವು. ದೂರದಲ್ಲಿ ಜನ ಎದ್ದು ನಿಲ್ಲುವುದು ಕಂಡಿತು. ಎರಡು ಪಕ್ಕ ಎರಡು ಕುಮ್ಕಿ ಹೆಣ್ಣಾನೆ, ನಡುವೆ ಅಭಿಮನ್ಯು. ಬೆನ್ನ ಮೇಲೆ 750 ಕಿಲೋ ತೂಕದ ಅಂಬಾರಿ. ಹಿಂದೆ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ ಈಗ ಚಾಮುಂಡಿ ತಾಯಿ ಕೂತಿದ್ದಾಳೆ. ವಾರವಿಡೀ ಖಾಲಿ ರಸ್ತೆಯಲ್ಲಿ ನಡೆಯುವುದನ್ನು ನೋಡಿದ್ದ ಅದೇ ಆನೆ, ಅದೇ ನಡಿಗೆ. ಲಕ್ಷ ಜನರ ಕೂಗಿನ ನಡುವೆಯೂ ಹೆಜ್ಜೆ ಬದಲಾಗಿರಲಿಲ್ಲ. ಅವ್ವ ಕೈ ಮುಗಿದಳು. ಏನನ್ನೂ ಹೇಳಲಿಲ್ಲ.

ಆನೆ ದಾಟಿ ಹೋದ ಮೇಲೆ ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಬನ್ನಿ ತೆಗೆದಳು. ಧಾರವಾಡದಿಂದಲೇ ತಂದು ದಿನಾ ನೀರು ಚಿಮುಕಿಸಿ ಇಟ್ಟಿದ್ದಳು. ಪಕ್ಕದಲ್ಲಿ ಚಾಮರಾಜನಗರದ ಕಡೆಯ ಒಂದು ಕುಟುಂಬ ಬೆಳಗ್ಗಿನಿಂದ ನಮ್ಮ ಜೊತೆ ಕೂತಿತ್ತು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ಕೊಟ್ಟಳು. ಅವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡು, ಆ ಮನೆಯ ಸೊಸೆ ಅದೇ ಎಲೆಯಲ್ಲಿ ಎರಡನ್ನು ಅವ್ವನ ಕೈಗೆ ವಾಪಸ್ ಇಟ್ಟು ಕಾಲಿಗೆ ನಮಸ್ಕಾರ ಮಾಡಿದಳು.

ಪಂಜಿನ ಕವಾಯತನ್ನು ಆಂಟಿಯ ಮನೆಯ ಟಿವಿಯಲ್ಲೇ ನೋಡಿದೆವು. ಅಷ್ಟೊತ್ತಿಗೆ ಅವ್ವನ ಕಾಲು ಊದಿತ್ತು.

ಭಾನುವಾರ ಊರು ಅರ್ಧ ಖಾಲಿ. ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು, ಮತ್ತೊಮ್ಮೆ ಅರಮನೆಗೆ ಹೋದೆವು. ಬಿಡಾರದ ಕಡೆ ಪಾತ್ರೆ ಪಗಡ ಗಂಟು ಕಟ್ಟುತ್ತಿದ್ದರು. ಆ ಕಾವಾಡಿ ಅವ್ವನ ಗುರುತು ಹಿಡಿದು ಹಗ್ಗದ ಹತ್ತಿರ ಬಂದರು. ಅವ್ವ ಉಳಿದಿದ್ದ ಬನ್ನಿಯನ್ನೆಲ್ಲ ಅವರ ಕೈಗಿಟ್ಟಳು. "ಒಂದ ಎಲಿ ನಿಮಗ. ಒಂದ ಅರ್ಜುನಗ" ಅಂದಳು. ಅವರು ಅಂಗಿ ಜೇಬಿಗೆ ಹಾಕಿಕೊಂಡು, "ಆ ಕಡೆ ಹೋದಾಗ ಇಟ್ಟು ಬರ್ತೀನಿ ಕಣಮ್ಮ" ಅಂದರು.