ಮೀನು ತೆಗೆದಿಟ್ಟು ಅಳೆದ ಮೇಲೆ

ಉಡುಪಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಧ್ರುವೀಕೃತ ಬೆಳಕಿನ (ಅಲೆಗಳು ಒಂದು ಗೊತ್ತಾದ ರೀತಿಯಲ್ಲೇ ಕಂಪಿಸುವ ಬೆಳಕಿನ) ಚದುರುವಿಕೆಯಿಂದ ಅಂಗಾಂಶವನ್ನು ಪರಿಶೀಲಿಸುತ್ತೇನೆ ಎಂದಾಗ, ಭೌತವಿಜ್ಞಾನ ಕಲಿಸುವ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಮಾಂಸದೊಳಗೆ ಬೆಳಕು ಮತ್ತೆ ಮತ್ತೆ ಚದುರಿ ಧ್ರುವೀಕರಣ ಅಳಿಸಿಹೋಗುತ್ತದೆ, ನಿನಗೆ ಏನೂ ಸಿಗುವುದಿಲ್ಲ. ದಪ್ಪ ತುಂಡಿಗೆ ಆ ಮಾತು ನಿಜ. ಆದರೆ ನಾನು ಸುಮಾರು ಹತ್ತು ತಿಂಗಳು ಸೋತದ್ದಕ್ಕೆ ಕಾರಣ ಅದಲ್ಲ.

ಹೀಲಿಯಂ-ನಿಯಾನ್ ಲೇಸರ್, ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಹರಳಿನ ಪೋಲರೈಸರುಗಳು, ತಿರುಗುವ ಮೌಂಟುಗಳಿಗೆ ದರಪಟ್ಟಿ ತರಿಸಿದರೆ ಮೂರು ಲಕ್ಷ ದಾಟಿತು. ಹಾಗಾಗಿ 650 ನ್ಯಾನೊಮೀಟರಿನ ಡಯೋಡ್ ಲೇಸರ್, ಪೋಲರೈಸರ್ ಹಾಳೆ ಮತ್ತು ಬೆಳಕನ್ನು ಅಳೆಯುವ ಫೋಟೊಡಯೋಡ್ ಜೋಡಿಸಿಕೊಂಡೆ. ಹಾಳಾದದ್ದೂ ಸೇರಿ ಹತ್ತೊಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಹಳೆಯದೆಂದು ಅಗ್ಗಕ್ಕೆ ಕೊಂಡ ಎರಡು ಕ್ವಾರ್ಟರ್-ವೇವ್ ಪ್ಲೇಟುಗಳು (ಬೆಳಕಿನ ಎರಡು ಅಡ್ಡ ಕಂಪನಗಳ ನಡುವೆ ಕಾಲು ಅಲೆಯಷ್ಟು, ಅಂದರೆ 90 ಡಿಗ್ರಿ, ಅಂತರ ತರುವ ಫಲಕಗಳು) 633 ನ್ಯಾನೊಮೀಟರಿಗೆಂದು ಮಾಡಿದಂಥವು. 650ರಲ್ಲಿ ಅವು ಕೊಡುವುದು 90 ಅಲ್ಲ, 88 ಡಿಗ್ರಿಯಷ್ಟು. ಆ ಸಣ್ಣ ಕೊರತೆಯಿಂದಲೇ ಒಂದೇ ದಿಕ್ಕಿನ ಧ್ರುವೀಕರಣ ನೂರಕ್ಕೆ ನಾಲ್ಕರಷ್ಟು ಉಳಿದುಬಿಡುತ್ತದೆ.

ಆದರೂ ದೊಡ್ಡ ಎಡವಟ್ಟು ಬೇರೆಯದೇ. ಮಲ್ಪೆಯಿಂದ ತಂದ ಅಂಜಲ್ ಮೀನಿನ ತೆಳು ಹೋಳನ್ನು ಗಾಜಿನ ಮೇಲಿಟ್ಟು, ಮೊದಲ ಪೋಲರೈಸರನ್ನು ತಿರುಗಿಸಿದಾಗ ಅಂಕೆ ಚೆನ್ನಾಗಿ ಏರಿಳಿಯುತ್ತಿತ್ತು. ಅದನ್ನು ಸ್ನಾಯುವಿನ ಎಳೆಗಳ ಗುಣವೆಂದು ಮೂರು ತಿಂಗಳು ನಂಬಿದ್ದೆ. ಒಂದು ಸಂಜೆ ಅಮ್ಮ, "ಮೀನು ತೆಗೆದಿಟ್ಟರೆ ಎಷ್ಟು ಬರ್ತದೆ?" ಎಂದು ಕೇಳಿದರು. ತೆಗೆದಿಟ್ಟೆ, ಏರಿಳಿತ ಹಾಗೆಯೇ ಇತ್ತು! ಡಯೋಡ್ ಲೇಸರಿನ ಬೆಳಕು ಹೊರಬರುವಾಗಲೇ ಧ್ರುವೀಕೃತವಾಗಿರುತ್ತದೆ, ನಾನು ಅಳೆಯುತ್ತಿದ್ದದ್ದು ಅದನ್ನೇ. ಒಂದು ಕ್ವಾರ್ಟರ್-ವೇವ್ ಪ್ಲೇಟನ್ನು ಲೇಸರಿನ ಮುಂದೆಯೇ 45 ಡಿಗ್ರಿಗೆ ಇಟ್ಟು ಬೆಳಕನ್ನು ವೃತ್ತೀಯವಾಗಿಸಿದ (ಕಂಪನದ ದಿಕ್ಕು ಸುತ್ತುತ್ತಲೇ ಇರುವಂತೆ ಮಾಡಿದ) ಮೇಲೆ ಏರಿಳಿತ ಬಹುಪಾಲು ಇಳಿಯಿತು. ಈಗ ಖಾಲಿ ಜಾಗದ ಮುಲ್ಲರ್ ಮ್ಯಾಟ್ರಿಕ್ಸ್ (ಒಂದು ವಸ್ತು ಬೆಳಕಿನ ಧ್ರುವೀಕರಣವನ್ನು ಹೇಗೆ ಬದಲಿಸುತ್ತದೆ ಎಂದು ಹೇಳುವ ಅಂಕೆಗಳ ಚೌಕ) ಕರ್ಣದಲ್ಲಿ ಒಂದು, ಉಳಿದೆಡೆ ಸೊನ್ನೆಗೆ ಹತ್ತಿರ ಬರುವವರೆಗೆ ಯಾವ ಮಾದರಿಯನ್ನೂ ಇಡುವುದಿಲ್ಲ. ದ್ರವ ಮಾದರಿ ಹಾಕುವ ಸಣ್ಣ ಪಾರದರ್ಶಕ ಪಾತ್ರೆಯಾದ ಕುವೆಟ್ಟನ್ನು ಎಷ್ಟು ಓರೆಯಾಗಿಸುತ್ತೇನೆ, ಅದರ ಹಿಂದೆ ಯಾವ ಕಪ್ಪು ಬಳಿದಿದ್ದೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಕಣಗಳಿಂದ ಬೆಳಕು ಚದುರುವುದನ್ನು ಕಲಿಯಲು ಹಾಲು ಒಳ್ಳೆಯ ಗುರು. ಒಂದು ಲೋಟ ನೀರಿಗೆ ಒಂದು ಹನಿ ಹಾಕಿ, ಲೇಸರಿನ ದಾರಿಗೆ 90 ಡಿಗ್ರಿ ಕೋನದಲ್ಲಿ ಅಳೆದು, ಮತ್ತೆ ಅಷ್ಟೇ ನೀರು ಬೆರೆಸಿ ಅಳೆಯುತ್ತೇನೆ. ಧ್ರುವೀಕರಣದ ಪ್ರಮಾಣ ಬದಲಾದರೆ ಬಹುಚದುರುವಿಕೆ ಇನ್ನೂ ಇದೆ ಎಂದರ್ಥ. ಕೆನೆ ತೆಗೆದ ಹಾಲಿನಲ್ಲಿ ಉಳಿಯುವ ಕೇಸೀನ್ ಎಂಬ ಪ್ರೋಟೀನಿನ ಕಣಗಳು ತೀರ ಚಿಕ್ಕವಾದ್ದರಿಂದ ಧ್ರುವೀಕರಣ ಹೆಚ್ಚು. ತೆಂಗಿನಹಾಲನ್ನೂ ಇಟ್ಟು ನೋಡಿದೆ. ಕೊಬ್ಬಿನ ದೊಡ್ಡ ಹನಿಗಳಿಂದಾಗಿ ಧ್ರುವೀಕರಣ ಕುಸಿಯಿತು, ಅಮ್ಮನ ಸಾರಿಗೆ ಹಾಲೂ ಕಡಿಮೆ ಬಿತ್ತು.

ಗೆಳೆಯರ ಬಾಯಿ ಮುಚ್ಚಿಸಿದ್ದು ಕೋಳಿಕಾಲಿನ ಸ್ನಾಯುರಜ್ಜು. ಅದರ ಒಂದು ಎಳೆಯನ್ನು ಅಡ್ಡಡ್ಡ ಇಟ್ಟ ಎರಡು ಪೋಲರೈಸರುಗಳ ನಡುವೆ ತಿರುಗಿಸಿದರೆ, 45 ಡಿಗ್ರಿಯಲ್ಲಿ ಬೆಳ್ಳಿಯ ದಾರದಂತೆ ಹೊಳೆದು, ಪೋಲರೈಸರಿನ ಅಕ್ಷಕ್ಕೆ ನೇರವಾದಾಗ ಕತ್ತಲಾಗುತ್ತದೆ. ಅದೇ ಎಳೆಯನ್ನು 70 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿದೆ. ಅದು ಕುಗ್ಗಿ ಸುರುಳಿಯಾಯಿತು, ಎಳೆಯ ಪ್ರೋಟೀನಾದ ಕೊಲಾಜೆನ್ ತನ್ನ ಜೋಡಣೆ ಕಳೆದುಕೊಂಡಂತೆ ಹೊಳಪೂ ಆರಿತು.

ಮಳೆಗಾಲದಲ್ಲಿ ಪೋಲರೈಸರ್ ಹಾಳೆಯ ಅಂಚಿನ ಅಂಟು ಬಿಡುತ್ತದೆ, ಲೆನ್ಸಿಗೆ ಬೂಸಲು ಹಿಡಿಯುತ್ತದೆ. ಎಲ್ಲವನ್ನೂ ಸಿಲಿಕಾ ಜೆಲ್ ಹಾಕಿದ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಅಳೆಯುವ ಮೊದಲು ಲೇಸರನ್ನು ಅರ್ಧ ಗಂಟೆ ಉರಿಸಿಡುತ್ತೇನೆ.