ಫೋಮ್ ಜೆಟ್‌ಗೆ ಹೊಸ ಬ್ಯಾಟರಿ, ಹೊಸ ಮೋಟರ್: ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ನನ್ನ ಕೆಲಸ ಪೀಣ್ಯದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್. ಭಾನುವಾರದ ಹುಚ್ಚು ಈಡಿಎಫ್ ಜೆಟ್, ಅಂದರೆ ಕೊಳವೆಯೊಳಗಿನ ಎಲೆಕ್ಟ್ರಿಕ್ ಫ್ಯಾನ್ ತಳ್ಳುವ, ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನ. ಹಾಗಾಗಿ ಹಾರಿಸುವ ಹುಡುಗರು ಸುಟ್ಟ ಮೋಟರ್ ಹಿಡಿದುಕೊಂಡು ನನ್ನ ಶಾಪಿಗೇ ಬರುತ್ತಾರೆ. ಹೆಚ್ಚು ಕಮ್ಮಿ ಎಲ್ಲರದೂ ಒಂದೇ ಕಥೆ. ಜೆಟ್ ಮಂದ ಅನಿಸಿತು, ಒಂದು ಸೆಲ್ ಜಾಸ್ತಿ ಇರುವ ಬ್ಯಾಟರಿ ಹಾಕಿದೆ, ಮೊದಲ ಸುತ್ತು ಸಖತ್ತಾಗಿ ಹೋಯ್ತು, ಎರಡನೇ ಸುತ್ತಿನಲ್ಲಿ ಪವರ್ ಕಟ್. ಮೋಟರ್ ಕೈಗೆ ತಗೊಂಡರೆ ಸುಟ್ಟ ವಾರ್ನಿಷ್ ವಾಸನೆ. "ಅಣ್ಣ, ಇನ್ನೂ ದೊಡ್ಡ ಮೋಟರ್ ಹಾಕಿದ್ರೆ ಸರಿ ಹೋಗುತ್ತಾ?" ಅಂತ ಕೇಳ್ತಾರೆ. ಮೋಟರ್ ಬದಲಾಯಿಸೋದು ಕೊನೆಯ ಕೆಲಸ. ಅದಕ್ಕೂ ಮುಂಚೆ ಮಾಡೋದು ಬಹಳ ಇದೆ.

ಉದಾಹರಣೆಗೆ ಒಂದು 70 ಎಂಎಂ ಫ್ಯಾನ್ ಇರುವ ಫೋಮ್ ಜೆಟ್ ತಗೊಳ್ಳೋಣ. 12 ಬ್ಲೇಡ್, 2850 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2850 ಸುತ್ತು) ಮೋಟರ್, 4ಎಸ್ (ಸಾಲಾಗಿ ನಾಲ್ಕು ಸೆಲ್) 4000 ಎಂಎಎಚ್ ಲಿಪೋ ಬ್ಯಾಟರಿ, ಹಾರುವ ತೂಕ 1600 ಗ್ರಾಂ. ನಮ್ಮ ಕಡೆ ಈ ಸೈಜ್ ಸಾಮಾನ್ಯ.

ಮೊದಲು ಬೇಕಾದದ್ದು ಒಂದು ವಾಟ್ ಮೀಟರ್. ಬ್ಯಾಟರಿ ಮತ್ತು ಈಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ನಡುವೆ ಸಿಕ್ಕಿಸುವ ಪುಟ್ಟ ಡಬ್ಬಿ. ವೋಲ್ಟ್, ಆಂಪ್, ವಾಟ್ ಮೂರನ್ನೂ ತೋರಿಸುತ್ತದೆ. ಜೆಟ್ಟನ್ನು ನುಣುಪಾದ ಟೇಬಲ್ ಮೇಲೆ ಇಟ್ಟು, ಹಿಂದೆ ಹಗ್ಗ ಕಟ್ಟಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ. ಹಗ್ಗ ಎಕ್ಸಾಸ್ಟ್ ಗಾಳಿಗೆ ಅಡ್ಡ ಬರದ ಹಾಗೆ ಎರಡೂ ಬದಿಯಿಂದ ತನ್ನಿ. ಫುಲ್ ಥ್ರಾಟಲ್ ಐದಾರು ಸೆಕೆಂಡ್ ಸಾಕು. ಥ್ರಸ್ಟ್ (ಜೆಟ್ಟನ್ನು ಮುಂದೆ ತಳ್ಳುವ ಬಲ) ಎಷ್ಟು, ಆಂಪ್ ಎಷ್ಟು, ವೋಲ್ಟೇಜ್ ಎಲ್ಲಿಗೆ ಇಳಿಯಿತು, ಬರೆದಿಡಿ. ಫ್ಯಾನಿನ ಪಕ್ಕಕ್ಕೆ ಮಾತ್ರ ಯಾರೂ ನಿಲ್ಲಬಾರದು. 70 ಎಂಎಂ ಫ್ಯಾನ್ ನಿಮಿಷಕ್ಕೆ 40,000 ಸುತ್ತು ಹೊಡೆಯುವಾಗ ಬ್ಲೇಡಿನ ತುದಿ ಗಂಟೆಗೆ 520 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಇರುತ್ತದೆ. ಒಡೆದರೆ ಚೂರು ಹಾರೋದು ಪಕ್ಕಕ್ಕೇ.

ಥ್ರಸ್ಟ್ ಜೆಟ್ಟಿನ ತೂಕದ ಮುಕ್ಕಾಲು ಪಾಲು ದಾಟಿದ್ದರೆ ಆರಾಮಾಗಿ ಹಾರಿಸಬಹುದು. ತೂಕಕ್ಕಿಂತ ಜಾಸ್ತಿ ಬಂದರೆ ಮೂಗು ಎತ್ತಿ ನೇರ ಮೇಲಕ್ಕೆ ಏರಿಸಬಹುದು. ಅರ್ಧ ತೂಕಕ್ಕೂ ಕಮ್ಮಿ ಇದ್ದರೆ ಮಾತ್ರ ನಿಮ್ಮ ದೂರು ನಿಜ.

ಒಂದು ಮಾತು ಬೆಂಗಳೂರಿನವರಿಗೆ. ನಾವಿರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಗಾಳಿಯ ಸಾಂದ್ರತೆ ಇಲ್ಲಿ 8-9 ಪರ್ಸೆಂಟ್ ಕಮ್ಮಿ. ಡಬ್ಬದ ಮೇಲೆ ಬರೆದ ಥ್ರಸ್ಟ್ ಇಲ್ಲಿ ಬರೋದಿಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಇನ್ನೂ ಇಳಿಯುತ್ತದೆ. ಇದರಲ್ಲಿ ಒಂದು ಲಾಭ ಇದೆ, ಆಂಪ್ ಕೂಡ ಅಷ್ಟೇ ಕಮ್ಮಿ ಎಳೆಯುತ್ತದೆ. ಅದೇ ಸೆಟಪ್ಪನ್ನು ಮಂಗಳೂರಿಗೆ ತಗೊಂಡು ಹೋದರೆ ಥ್ರಸ್ಟ್ ಏರುತ್ತದೆ, ಕರೆಂಟೂ ಏರುತ್ತದೆ. ಇಲ್ಲಿ ಈಎಸ್‌ಸಿಯ ಲಿಮಿಟ್‌ಗೆ ತಾಗಿಸಿ ಇಟ್ಟಿದ್ದರೆ ಅಲ್ಲಿ ದಾಟಿಬಿಡುತ್ತದೆ.

ಬರಿ ಬ್ಯಾಟರಿ ಬದಲಾಯಿಸಿ ನೋಡಿ

ಮೀಟರ್ ನೋಡಿದಾಗ ವೋಲ್ಟೇಜ್ ಧಪ್ ಅಂತ ಬಿದ್ದರೆ ತಪ್ಪು ಮೋಟರಿನದಲ್ಲ. ಒಳ್ಳೆಯ ಚಾರ್ಜರ್‌ಗಳಲ್ಲಿ ಸೆಲ್ಲಿನ ಇಂಟರ್ನಲ್ ರೆಸಿಸ್ಟೆನ್ಸ್ ತೋರಿಸುವ ಮೆನು ಇರುತ್ತದೆ. ಹೊಸ 4000 ಪ್ಯಾಕಿನಲ್ಲಿ ಒಂದೊಂದು ಸೆಲ್ 3 ಮಿಲಿಓಮ್ ತೋರಿಸುತ್ತದೆ ಅಂದುಕೊಳ್ಳಿ. ನಾಲ್ಕು ಸೆಲ್ ಸೇರಿ 12. ಇದರಲ್ಲಿ 60 ಆಂಪ್ ಹರಿದರೆ 0.72 ವೋಲ್ಟ್ ಒಳಗೇ ಹೋಗುತ್ತದೆ. ಎರಡು ವರ್ಷ ದುಡಿದು, ಫುಲ್ ಚಾರ್ಜಿನಲ್ಲೇ ಮನೆಯಲ್ಲಿ ಬಿದ್ದಿದ್ದ ಪ್ಯಾಕು ಸೆಲ್ಲಿಗೆ 10 ಮಿಲಿಓಮ್ ತೋರಿಸಿದರೆ, 50 ಆಂಪಿಗೇ 2 ವೋಲ್ಟ್ ಮಾಯ. ಆ 2 ವೋಲ್ಟ್ ಎಲ್ಲೂ ಹೋಗಿಲ್ಲ, 100 ವಾಟ್ ಬಿಸಿಯಾಗಿ ಪ್ಯಾಕಿನ ಒಳಗೇ ಕೂತಿದೆ. ಪ್ಯಾಕು ಊದಿಕೊಳ್ಳೋದು ಇದರಿಂದಲೇ.

ಲೇಬಲ್ ಮೇಲಿನ ಸಿ ರೇಟಿಂಗ್, ಅಂದರೆ ಪ್ಯಾಕಿನ ಆಂಪ್-ಅವರ್‌ನ ಎಷ್ಟು ಪಟ್ಟು ಆಂಪ್ ಎಳೆಯಬಹುದು ಅನ್ನೋ ಸಂಖ್ಯೆ, ಅದನ್ನು ನಾನು ಅರ್ಧಕ್ಕೆ ಮಡಚಿ ಓದುತ್ತೇನೆ. 50ಸಿ ಅಂದರೆ ನನಗೆ 25ಸಿ. 4000 ಎಂಎಎಚ್ ಪ್ಯಾಕಿನಿಂದ 60 ಆಂಪ್ ಅಂದರೆ 15ಸಿ, ತೊಂದರೆ ಇಲ್ಲ. ಅದೇ 60 ಆಂಪ್ ಅನ್ನು 2200 ಪ್ಯಾಕಿನಿಂದ ಎಳೆದರೆ 27ಸಿ. ಎಷ್ಟು ಸಿ ಬರೆದಿದ್ದರೂ ಅದು ಬಹಳ ದಿನ ಬಾಳುವುದಿಲ್ಲ.

ಹೊಸ ಪ್ಯಾಕು ಹಾಕಿ ಮತ್ತೆ ತೂಗಿ. ಹತ್ತರಲ್ಲಿ ಐದಾರು ಜನರ ಅಪ್‌ಗ್ರೇಡ್ ಇಲ್ಲಿಗೇ ಮುಗಿಯುತ್ತದೆ ಅಂತ ನನ್ನ ಅಂದಾಜು.

ಒಂದು ಸೆಲ್ ಜಾಸ್ತಿ ಹಾಕಿದರೆ ಏನಾಗುತ್ತದೆ

ಮೋಟರ್ ಅದೇ, ಫ್ಯಾನ್ ಅದೇ ಇರುವಾಗ ಥ್ರಸ್ಟ್ ಫ್ಯಾನ್ ತಿರುಗುವ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೇಕಾದ ಪವರ್ ಏರೋದು ಘನಕ್ಕೆ ತಕ್ಕಂತೆ. ಎಲ್ಲ ಕಷ್ಟ ಶುರುವಾಗೋದೇ ಇಲ್ಲಿ. 3ಎಸ್‌ನಿಂದ 4ಎಸ್‌ಗೆ ಹೋದರೆ ವೋಲ್ಟೇಜ್ ಮೂರನೇ ಒಂದು ಪಾಲು ಏರುತ್ತದೆ. ಕರೆಂಟ್ ಏರೋದು ಸುಮಾರು 1.8 ಪಟ್ಟು. 30 ಆಂಪ್ ಎಳೆಯುತ್ತಿದ್ದದ್ದು 53 ಆಂಪ್ ಹತ್ತಿರ ಹೋಗುತ್ತದೆ. ಪವರ್ 2.4 ಪಟ್ಟು. ವೋಲ್ಟೇಜ್ ಬೀಳೋದರಿಂದ ನಿಜದಲ್ಲಿ ಸ್ವಲ್ಪ ಕಮ್ಮಿ ಬರಬಹುದು. ಆದರೂ 40 ಆಂಪಿನ ಈಎಸ್‌ಸಿ ಸುಡೋಕೆ ಅಷ್ಟೇ ಸಾಕು.

ನಮ್ಮ 70 ಎಂಎಂ ಜೆಟ್‌ನ 2850 ಕೆವಿ ಮೋಟರಿಗೇ ಸೀದಾ 6ಎಸ್ ಕೊಟ್ಟರೆ? ಲೆಕ್ಕದ ಪ್ರಕಾರ 4ಎಸ್‌ನಲ್ಲಿ ಎಳೆಯುತ್ತಿದ್ದ 60 ಆಂಪ್ 135 ಆಗಬೇಕು, 890 ವಾಟ್ 3000 ಆಗಬೇಕು. ಅಷ್ಟು ಆಗೋದಿಲ್ಲ ಬಿಡಿ. ಅದಕ್ಕೆ ಮುಂಚೆಯೇ ಏನಾದರೊಂದು ಹೋಗಿರುತ್ತದೆ.

6ಎಸ್ ಬೇಕಾದರೆ ಕೆವಿ ಇಳಿಸಲೇಬೇಕು. ವೈಂಡಿಂಗ್ ಮಾಡುವವನ ಕಣ್ಣಿಗೆ ಇದು ಸರಳ. ಕೆವಿ ಅಂದರೆ ಲೋಡ್ ಇಲ್ಲದೆ ಒಂದು ವೋಲ್ಟಿಗೆ ಎಷ್ಟು ಸುತ್ತು ಅನ್ನೋದು. ಮೋಟರಿನಲ್ಲಿ ತಂತಿ ಸುತ್ತುವ ಒಂದೊಂದು ಹಲ್ಲಿಗೆ ಕಮ್ಮಿ ಟರ್ನ್, ದಪ್ಪ ತಂತಿ ಸುತ್ತಿದರೆ ಕೆವಿ ಜಾಸ್ತಿ. ಹೆಚ್ಚು ಟರ್ನ್, ಸಣ್ಣ ತಂತಿ ಆದರೆ ಕೆವಿ ಕಮ್ಮಿ. ಸ್ಟಾರ್ ಇದ್ದದ್ದನ್ನು ಡೆಲ್ಟಾ ಮಾಡಿದರೆ ಕೆವಿ 1.73 ಪಟ್ಟು. ಬೋರ್‌ವೆಲ್ ಮೋಟರಿನ ಸ್ಟಾರ್-ಡೆಲ್ಟಾ ಲೆಕ್ಕವೇ ಇಲ್ಲೂ ಇರೋದು. ಇಲ್ಲಿ ಹೊರಗೆ ಬಂದಿರೋದು ಮೂರೇ ವೈರ್. ಉಲ್ಟಾ ತಿರುಗಿದರೆ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ, ಅಷ್ಟೇ.

ಈಗ ಗುಣಿಸಿ ನೋಡಿ. 4ಎಸ್‌ನ 14.8 ವೋಲ್ಟನ್ನು 2850ರಿಂದ ಗುಣಿಸಿದರೆ 42,180. 6ಎಸ್‌ನ 22.2 ವೋಲ್ಟನ್ನು 1900ರಿಂದ ಗುಣಿಸಿದರೂ 42,180. ಸುತ್ತು ಅಷ್ಟೇ, ಥ್ರಸ್ಟ್ ಅಷ್ಟೇ. ಆದರೆ 60 ಆಂಪ್ ಇದ್ದದ್ದು 40ಕ್ಕೆ ಇಳಿಯಿತು. ವೈರಿನಲ್ಲಿ, ಕನೆಕ್ಟರಿನಲ್ಲಿ ಬಿಸಿಯಾಗಿ ಹೋಗೋದು ಕರೆಂಟಿನ ವರ್ಗದ ಲೆಕ್ಕ, ಅದು ಅರ್ಧಕ್ಕಿಂತ ಕೆಳಗೆ ಬಂತು. ಬ್ಯಾಟರಿ ತೂಕವೂ ಏರಬೇಕಿಲ್ಲ, 4ಎಸ್ 4000ದಲ್ಲಿ ಇರುವ ಶಕ್ತಿಯೇ 6ಎಸ್ 2700ರಲ್ಲೂ ಇದೆ.

ಜೋರೂ ಬೇಕು ಅನ್ನುವವರು 2100 ಕೆವಿ ನೋಡಿ. ಸುತ್ತು ಹತ್ತು ಪರ್ಸೆಂಟ್ ಏರುತ್ತದೆ, ಥ್ರಸ್ಟ್ 22 ಪರ್ಸೆಂಟ್, ಪವರ್ 35 ಪರ್ಸೆಂಟ್. 1200 ವಾಟ್, 54 ಆಂಪ್ ಹತ್ತಿರ. ಇದಕ್ಕಿಂತ ಮೇಲೆ ಹೋಗುವ ಮುಂಚೆ ಆ ಫ್ಯಾನ್ ಎಷ್ಟು ಸುತ್ತು ತಡೆಯುತ್ತದೆ ಅಂತ ತಯಾರಕರು ಕೊಟ್ಟ ಲೆಕ್ಕ ನೋಡಿಕೊಳ್ಳಿ. ಆ ಲೆಕ್ಕವೇ ಕೊಡದ ಫ್ಯಾನಿಗೆ ನಾನು ಹೊಸ ಮೋಟರ್ ಹಾಕೋದಿಲ್ಲ.

ಎಂಜಿನ್ನಿಗೆ ಬಲ ಸಾಲದ ಈ ಕಷ್ಟ ನಮ್ಮ ಊರಿಗೆ ಹಳೆಯದು ಅನ್ನಿ. ಎಚ್ಎಎಲ್‌ನ ಯುದ್ಧ ವಿಮಾನ ಮಾರುತ್ 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಮೊದಲು ಹಾರಿದ್ದು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅದರ ರೆಕ್ಕೆ, ಮೈ ಎಲ್ಲವನ್ನೂ ಶಬ್ದದ ವೇಗ ದಾಟಲಿ ಅಂತಲೇ ರೂಪಿಸಿದ್ದರು. ಅಂದುಕೊಂಡಿದ್ದ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ. ಆಫ್ಟರ್‌ಬರ್ನರ್ (ಹೆಚ್ಚುವರಿ ಬಲ ಕೊಡುವ ಭಾಗ) ಇಲ್ಲದ ಎರಡು ಆರ್ಫಿಯಸ್ 703ರಲ್ಲೇ ಸರ್ವಿಸ್ ಮುಗಿಸಿತು. ಮಾರುತ್ ಮಾಡೆಲ್ ಕಟ್ಟುವವರಿಗೆ ಮಾತ್ರ ಆ ಕೊರತೆ ನೀಗಿಸುವ ಅವಕಾಶ ಇದೆ.

ಈಎಸ್‌ಸಿಯ ಸಣ್ಣ ಅಕ್ಷರ

54 ಆಂಪಿಗೆ 60ರ ಈಎಸ್‌ಸಿ ಸಾಕಲ್ವಾ ಅಂತ ಕೇಳಬೇಡಿ. 80 ಹಾಕಿ. 6ಎಸ್ ತಡೆಯುತ್ತದೆ ಅಂತ ಬರೆದಿರಲಿ. ಬಿಇಸಿ (ರಿಸೀವರಿಗೆ, ಸರ್ವೋಗಳಿಗೆ 5 ವೋಲ್ಟ್ ಕೊಡುವ ಭಾಗ) ಲೀನಿಯರ್ ಇದ್ದರೆ ರಿಸೀವರಿಗೆ ಹೋಗುವ ಕೆಂಪು ವೈರ್ ತೆಗೆದು ಬೇರೆ ಸ್ವಿಚಿಂಗ್ ಯುಬಿಇಸಿ ಹಾಕಿ. 25 ವೋಲ್ಟನ್ನು 5ಕ್ಕೆ ಇಳಿಸೋಕೆ ಲೀನಿಯರ್ ಬಿಇಸಿ ಉಳಿದ 20 ವೋಲ್ಟನ್ನು ಬಿಸಿ ಮಾಡಿಯೇ ಕಳೆಯಬೇಕು. ಸರ್ವೋ (ರೆಕ್ಕೆ, ಬಾಲದ ಫಲಕ ತಿರುಗಿಸುವ ಪುಟ್ಟ ಮೋಟರ್), ರಿಟ್ರಾಕ್ಟ್ (ಮಡಚುವ ಚಕ್ರ) ಎಲ್ಲ ಒಟ್ಟಿಗೆ ಕರೆಂಟ್ ಎಳೆದಾಗ ಅದು ಕೈ ಕೊಟ್ಟರೆ ಜೆಟ್ ನಿಮ್ಮ ಮಾತು ಕೇಳೋದಿಲ್ಲ.

ಜನ ಓದದೇ ಬಿಡೋದು ಇನ್ನೊಂದು ಸಾಲು. ತುಂಬಾ ಈಎಸ್‌ಸಿಗಳ ಕಾಗದದಲ್ಲಿ 2 ಪೋಲ್ (ಮ್ಯಾಗ್ನೆಟ್ ಧ್ರುವ) ಮೋಟರಿಗೆ 2,10,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 6 ಪೋಲ್‌ಗೆ 70,000, 12 ಪೋಲ್‌ಗೆ 35,000 ಅಂತ ಇರುತ್ತದೆ. ನಿಮ್ಮ ಔಟ್‌ರನ್ನರ್ (ಹೊರಗಿನ ಕವಚವೇ ತಿರುಗುವ ಮೋಟರ್) ಬೆಲ್ ಒಳಗಿನ ಮ್ಯಾಗ್ನೆಟ್ ಎಣಿಸಿ. ಹತ್ತು ಇದ್ದರೆ ಲಿಮಿಟ್ 42,000. ಹನ್ನೆರಡು ಇದ್ದು ನೀವು 40,000 ಓಡಿಸಿದರೆ ಈಎಸ್‌ಸಿ ಲೆಕ್ಕ ತಪ್ಪುತ್ತದೆ. ಫುಲ್ ಥ್ರಾಟಲ್‌ನಲ್ಲಿ ಕರ್ರ್ ಅಂತ ಕಿರುಚಿ ನಿಲ್ಲುತ್ತದೆ. "ಮೋಟರ್ ಕೆಟ್ಟಿದೆ" ಅಂತ ನನ್ನ ಟೇಬಲ್ಲಿಗೆ ಬರುವ ಎಷ್ಟೋ ಮೋಟರ್‌ಗಳಿಗೆ ಏನೂ ಆಗಿರುವುದಿಲ್ಲ.

ಕನೆಕ್ಟರ್ ಎಕ್ಸ್‌ಟಿ60 ಇದ್ದರೆ ಈ ಮಟ್ಟಕ್ಕೆ ಎಕ್ಸ್‌ಟಿ90 ಮಾಡಿ. ಸ್ಪಾರ್ಕ್ ತಡೆಯುವ ಮಾದರಿ ಸಿಕ್ಕರೆ 6ಎಸ್‌ಗೆ ಅದೇ ಒಳ್ಳೆಯದು. ವೈರ್ ಉದ್ದ ಬೇಕಾದರೆ ಮೋಟರ್ ಕಡೆಯ ಮೂರನ್ನು ಉದ್ದ ಮಾಡಿ, ಬ್ಯಾಟರಿ ಕಡೆಯದನ್ನಲ್ಲ. ಬ್ಯಾಟರಿ ವೈರ್ ಉದ್ದವಾದಷ್ಟೂ ಈಎಸ್‌ಸಿಯ ಕೆಪಾಸಿಟರ್‌ಗಳ ಮೇಲೆ ಹೊಡೆತ ಜಾಸ್ತಿ. ಬೇರೆ ದಾರಿಯೇ ಇಲ್ಲದಿದ್ದರೆ ಈಎಸ್‌ಸಿ ಹತ್ತಿರ 35 ವೋಲ್ಟಿನ ಲೋ ಈಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರುವ) ಕೆಪಾಸಿಟರ್ ಸೇರಿಸಿ.

ಕೂರಿಸುವುದು

ಹಳೇ ಮೋಟರಿನ ಕ್ಯಾನಿನ ವ್ಯಾಸ, ಶಾಫ್ಟಿನ ವ್ಯಾಸ, ಸ್ಕ್ರೂ ತೂತುಗಳ ಅಂತರ ಮೂರನ್ನೂ ವರ್ನಿಯರ್‌ನಲ್ಲಿ ಅಳೆದ ಮೇಲೆ ಹೊಸದಕ್ಕೆ ಆರ್ಡರ್ ಮಾಡಿ. ಶಾಫ್ಟ್ 4 ಎಂಎಂ ಇದ್ದು ಅಡಾಪ್ಟರ್ 5 ಎಂಎಂದು ಬಂದರೆ ಟೇಪ್ ಸುತ್ತಿ ಕೂರಿಸುವ ಕೆಲಸ ಬೇಡವೇ ಬೇಡ. ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ ಹಚ್ಚಿ, ಅದು ಪ್ಲಾಸ್ಟಿಕ್ಕಿಗೆ ತಾಗದಿರಲಿ, ಸೀಳು ಬಿಡುತ್ತದೆ. ರೋಟರ್ ಕೈಯಲ್ಲಿ ತಿರುಗಿಸಿ, ಬ್ಲೇಡಿನ ತುದಿಗೂ ಡಕ್ಟಿಗೂ ನಡುವಿನ ಸಂದು ಸುತ್ತಲೂ ಒಂದೇ ಥರ ಇದೆಯಾ ನೋಡಿ. ಬ್ಯಾಲೆನ್ಸ್ ಮಾಡದ ರೋಟರ್ ಬೇರಿಂಗನ್ನು ಬೇಗ ತಿನ್ನುತ್ತದೆ, ಸದ್ದಿನಲ್ಲೇ ಗೊತ್ತಾಗುತ್ತದೆ.

ಬ್ಯಾಟರಿ ಭಾರವಾದರೆ ಸಿಜಿ (ಜೆಟ್ಟಿನ ತೂಕ ಸಮವಾಗುವ ಬಿಂದು) ಮುಂದೆ ಹೋಗುತ್ತದೆ. 6ಎಸ್ 3300 ಹಾಕಿ 100 ಗ್ರಾಂ ಏರಿತು ಅಂದುಕೊಳ್ಳಿ. ಸ್ಟಾಲ್ ಸ್ಪೀಡ್ (ಇದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತಿ ಹಿಡಿಯದ ವೇಗ) ಏರೋದು 3 ಪರ್ಸೆಂಟ್ ಮಾತ್ರ, ಅದಕ್ಕೆ ಹೆದರಬೇಡಿ. ಸಿಜಿಗೆ ಹೆದರಿ. ಪ್ಯಾಕನ್ನು ಹಿಂದಕ್ಕೆ ಸರಿಸೋಕೆ ಫೋಮ್ ಕೆರೆಯಬೇಕಾದೀತು. ಕೆರೆಯಿರಿ, ಬಾಲಕ್ಕೆ ಸೀಸ ಅಂಟಿಸಬೇಡಿ.

ಚಾರ್ಜರ್ ಕೂಡ ನೋಡಿಕೊಳ್ಳಿ. 6ಎಸ್ 3300ಅನ್ನು 1ಸಿನಲ್ಲಿ ತುಂಬೋಕೆ 83 ವಾಟ್ ಬೇಕು. ಎಲ್ಲರ ಹತ್ತಿರ ಇರುವ 50 ವಾಟಿನ ಚಾರ್ಜರ್ 2 ಆಂಪ್ ಮಾತ್ರ ಕೊಡುತ್ತದೆ. ಒಂದು ಪ್ಯಾಕಿಗೆ ಎರಡು ಗಂಟೆ ಹತ್ತಿರ ಹಿಡಿಯುತ್ತದೆ.

ಮೊದಲ ಹಾರಾಟ

ಜೆಟ್ ಈಗ ಹೆಚ್ಚು ಜಾಗ ತಿನ್ನುತ್ತದೆ. ಬೆಂಗಳೂರಿನ ಸುತ್ತ ಎಚ್ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ವಿಮಾನ ನಿಲ್ದಾಣಗಳೆಲ್ಲ ಇವೆ. ಮೈದಾನ ಯಾವ ಬಣ್ಣದ ವಲಯದಲ್ಲಿದೆ ಅಂತ ಸರ್ಕಾರದ ಡ್ರೋನ್ ವಲಯ ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಿ.

ಇಳಿಸಿದ ತಕ್ಷಣ ಮೋಟರ್ ಮುಟ್ಟಿ. ಐದು ಸೆಕೆಂಡ್ ಬೆರಳು ಇಡೋಕೆ ಆಗದಿದ್ದರೆ ಅಂದಾಜು 60 ಡಿಗ್ರಿ ದಾಟಿದೆ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಮ್ಯಾಗ್ನೆಟ್ 80 ಡಿಗ್ರಿ ಮೇಲೆ ಶಾಶ್ವತವಾಗಿ ಬಲ ಕಳೆದುಕೊಳ್ಳೋಕೆ ಶುರು ಮಾಡುತ್ತದೆ. ಮ್ಯಾಗ್ನೆಟ್ ಸೊರಗಿದರೆ ಕೆವಿ ಏರುತ್ತದೆ, ಕೆವಿ ಏರಿದರೆ ಕರೆಂಟ್ ಏರುತ್ತದೆ, ಮೋಟರ್ ಇನ್ನೂ ಬಿಸಿಯಾಗುತ್ತದೆ. "ಮೊದಲಿಗಿಂತ ಜೋರಾಗಿ ಹೋಗ್ತಿದೆ ಅಣ್ಣ" ಅಂತ ಯಾರಾದರೂ ಖುಷಿಯಾಗಿ ಹೇಳಿದರೆ ನಾನು ಮೊದಲು ಕೇಳೋದು ಮೋಟರ್ ಬಿಸಿ ಎಷ್ಟು ಅಂತ.

ಟೈಮರ್ ಎರಡೂವರೆ ನಿಮಿಷಕ್ಕೆ ಇಟ್ಟು ಇಳಿಸಿ, ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ ವಾಪಸ್ ಹೋಯಿತು ನೋಡಿ. 1800 ಹೋಯಿತು ಅಂದರೆ ನಿಮಿಷಕ್ಕೆ 720. 3300ರಲ್ಲಿ 80 ಪರ್ಸೆಂಟ್, ಅಂದರೆ 2640 ಮಾತ್ರ ಬಳಸಬೇಕು. ಲೆಕ್ಕಕ್ಕೆ ಮೂರು ನಿಮಿಷ 40 ಸೆಕೆಂಡ್ ಬರುತ್ತದೆ. ನೀವು ಮೂರು ನಿಮಿಷ 10 ಸೆಕೆಂಡಿಗೆ ಇಡಿ. ಮೊದಲ ಸಲ ಲ್ಯಾಂಡಿಂಗ್ ಸರಿಯಾಗದಿದ್ದರೆ ಇನ್ನೊಂದು ಸುತ್ತು ಹಾಕೋಕೆ ಆ ಅರ್ಧ ನಿಮಿಷ ಬೇಕು.