22 ವೋಲ್ಟ್ ಎಲ್ಲಿ ಹೋಗುತ್ತಿತ್ತು?

ಹೋದ ಚಳಿಗಾಲದಲ್ಲಿ ನೂರು ಮೊಟ್ಟೆ (ನೂರು ಚಿಟ್ಟೆ ಇಟ್ಟ ಮೊಟ್ಟೆಯಷ್ಟು) ರೇಷ್ಮೆ ಹುಳು ಅರ್ಧಕ್ಕರ್ಧ ಕೈಕೊಟ್ಟಿತು. ಶಿಡ್ಲಘಟ್ಟದ ಕಡೆ ಡಿಸೆಂಬರ್ ರಾತ್ರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹುಳು ಮನೆಯಲ್ಲಿ 2000 ವ್ಯಾಟ್ ಹೀಟರ್ ಬೆಳಗಿನವರೆಗೆ ಉರಿದರೂ ಥರ್ಮಾಮೀಟರ್ 21 ಡಿಗ್ರಿ ದಾಟಲಿಲ್ಲ. ಮೂರನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಹುಳು ಸರಿಯಾಗಿ ಏಳಲೇ ಇಲ್ಲ.

ಹೀಟರ್ ಹೋಗಿದೆ ಅಂದರು ಅಂಗಡಿಯವರು. ಹೊಸದು ತಂದೆ, 1,800 ರೂಪಾಯಿ. ಅದೂ ಅದೇ ಕಥೆ. ಆಮೇಲೆ ಸ್ಟೆಬಿಲೈಜರ್, ಐದೂವರೆ ಸಾವಿರ. ಹುಳು ಮನೆಯಲ್ಲೇ ಕೂರಿಸಿದೆ. ಎರಡು ದಿನ ಪರವಾಗಿಲ್ಲ ಅನ್ನಿಸಿತು, ಮೂರನೇ ದಿನ ಎಲ್ಲೋ ಟೇಪ್ ಸುಟ್ಟ ವಾಸನೆ. ಆ ಡಬ್ಬ ಈ ಕಡೆ ವೋಲ್ಟೇಜ್ ಎತ್ತಬೇಕಾದರೆ ಲೈನ್‌ನಿಂದ ಜಾಸ್ತಿ ಆಂಪಿಯರ್ ಎಳೆಯಲೇಬೇಕು ಅಲ್ವಾ? ಬಿಚ್ಚಿ ಅರ್ಧ ರೇಟಿಗೆ ಮಾರಿದೆ.

ಲೈನನ್ನೇ ಅಳೆಯೋಣ ಅಂದಾಗ ನಮ್ಮ ಭಾವ ನಕ್ಕರು. "ಲೆಕ್ಕ ಹಾಕಿದ್ರೆ ಬಿಸಿ ಬರುತ್ತೇನಪ್ಪಾ?"

ಮೊದಲು ನಾನೂ ತಪ್ಪೇ ಮಾಡಿದೆ. ಹೀಟರ್ ಆಫ್ ಮಾಡಿ ಮಲ್ಟಿಮೀಟರ್ ಇಟ್ಟು ನೋಡಿದರೆ ಮನೆ ಬೋರ್ಡಿನಲ್ಲೂ 208 ವೋಲ್ಟ್, ಹುಳು ಮನೆಯಲ್ಲೂ 208. ಕರೆಂಟ್ ಹರಿಯದಿದ್ದರೆ ದಾರಿಯಲ್ಲಿ ವೋಲ್ಟ್ ಇಳಿಯುವುದೂ ಇಲ್ಲ. ವೈರಿನ ತಡೆ ನೋಡೋಣ ಅಂತ ಓಮ್ ರೇಂಜಿಗೆ ಹಾಕಿದರೆ ಪ್ರೋಬ್ ವೈರೇ ಅರ್ಧ ಓಮ್ ತೋರಿಸುತ್ತದೆ, ಒಂದೆರಡು ಓಮ್ ಹುಡುಕುವುದು ಹೇಗೆ? ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಸಾಲ ತಂದೆ. ಮೊದಲ ಸಲ ಎರಡೂ ವೈರ್ ಸೇರಿಸಿ ಹಿಡಿದು ಸೊನ್ನೆ ನೋಡಿದ್ದನ್ನು ಯಾರಿಗೂ ಹೇಳಬೇಡಿ; ಹೋಗುವ ಕರೆಂಟು, ಬರುವ ಕರೆಂಟು ಒಂದಕ್ಕೊಂದು ವಜಾ ಆಗುತ್ತದೆ.

ಹೀಟರ್ ಓಡುತ್ತಿರುವಾಗಲೇ ಅಳೆದ ಮೇಲೆ ಗುಟ್ಟು ಗೊತ್ತಾಯಿತು. ಬೋರ್ಡಿನಲ್ಲಿ 205, ಹುಳು ಮನೆಯಲ್ಲಿ 183, ಕರೆಂಟ್ 6.9 ಆಂಪಿಯರ್. 183 ಭಾಗಿಸು 6.9, ಸುಮಾರು 26.5 ಓಮ್. 230ಕ್ಕೆ 2000 ವ್ಯಾಟ್ ಹೀಟರ್ ಅಂದರೆ ಅಷ್ಟೇ ಇರಬೇಕು. ಪಾಪ, ಹಳೇ ಹೀಟರ್ ಸರಿಯಾಗೇ ಇತ್ತು! ಆದರೆ ಸಿಗುತ್ತಿದ್ದದ್ದು 183 ಗುಣಿಸು 6.9, ಸುಮಾರು 1260 ವ್ಯಾಟ್.

ದಾರಿಯಲ್ಲಿ ಹೋದ 22 ವೋಲ್ಟನ್ನು 6.9ರಿಂದ ಭಾಗಿಸಿದರೆ 3.2 ಓಮ್. ಹುಳು ಮನೆ ಇರುವುದು 80 ಮೀಟರ್ ದೂರ, ವೈರ್ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರ. ಹೋಗಿ ಬರುವುದು ಸೇರಿ ಎರಡು ಓಮ್ ಒಳಗಿರಬೇಕು. ಉಳಿದದ್ದು? ಕಲ್ಲು ಕಂಬದ ಮೇಲಿನ ಜಾಯಿಂಟ್. ಅದರ ಎರಡೂ ಪಕ್ಕ ಪ್ರೋಬ್ ಇಟ್ಟರೆ 8 ವೋಲ್ಟ್ ಬಂತು. ಸುಮ್ನೆ ಹೊಸೆದು ಟೇಪ್ ಸುತ್ತಿದ ಜಾಗದಲ್ಲಿ ಐವತ್ತೈದು ವ್ಯಾಟ್ ಉರಿಯುತ್ತಿತ್ತು. ಬೆಸುಗೆ ಹಾಕುವ ಐರನ್ನೇ 25 ವ್ಯಾಟ್ ಇರುತ್ತದೆ.

ಆ ಹುಮ್ಮಸ್ಸಿನಲ್ಲಿ 60 ವ್ಯಾಟ್ ಗುಂಡು ಬಲ್ಬನ್ನೂ ಅಳೆದೆ. ತಣ್ಣಗಿದ್ದಾಗ 70 ಓಮ್, ಉರಿಯುವಾಗ ಲೆಕ್ಕ ಹಾಕಿದರೆ ಎಂಟುನೂರರ ಮೇಲೆ. ಹೀಟರ್ ಕಾಯಿಲ್ ಅಷ್ಟು ಬದಲಾಗುವುದಿಲ್ಲ. ಬೋರ್‌ವೆಲ್ ಮೋಟರಿಗೂ ಇದೇ ಗುಣಾಕಾರ ಹಾಕಿ ಎಡವಿದೆ. ಅಲ್ಲಿ ಪವರ್ ಫ್ಯಾಕ್ಟರ್ ಅಡ್ಡ ಬರುತ್ತದೆ, ವೋಲ್ಟ್ ಆಂಪಿಯರ್ ಗುಣಿಸಿದ್ದಷ್ಟೂ ವ್ಯಾಟ್ ಆಗುವುದಿಲ್ಲ.

4 ಸ್ಕ್ವೇರ್ ಎಂಎಂ ವೈರ್ ಎರಡು ಕಾಯಿಲ್ ಎಳೆದೆ, ಹನ್ನೆರಡು ಸಾವಿರದ ಹತ್ತಿರ ಆಯಿತು. ಕಂಬದ ಜಾಯಿಂಟ್ ಹೇಗೆ ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಊರಲ್ಲಿ ಅದರಿಂದಲೇ ನಾಲ್ಕು ಕಾಸು ಬರುತ್ತಿದೆ. ಈಗ ಹುಳು ಮನೆಯಲ್ಲಿ 199 ವೋಲ್ಟ್, 7.5 ಆಂಪಿಯರ್, ಹತ್ತಿರ ಹತ್ತಿರ 1500 ವ್ಯಾಟ್. ಈ ಸಲ ರಾತ್ರಿ 25 ಡಿಗ್ರಿ ನಿಂತಿತು, ಹುಳು ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ತಯಾರಾಯಿತು.

ಆಮೇಲೆ ನಾನೇ ಒಂದು ಕ್ಲ್ಯಾಂಪ್ ಮೀಟರ್ ಕೊಂಡೆ. ಮೊನ್ನೆ ಭಾವ ಅದನ್ನು ಕೇಳಿಕೊಂಡು ಹೋದರು, ಅವರ ಹುಳು ಮನೆ ಲೈನ್ ನೋಡಬೇಕಂತೆ. ಇನ್ನೂ ವಾಪಸ್ ಕೊಟ್ಟಿಲ್ಲ.